ಕಾರ್ಕಳದ ಕಲ್ಲೂ ಕಿಟ್ಟನ ನೆಟ್ಟನೆ ಬೆನ್ನೂ

ಮಣಿಪಾಲದವರು ಕಿಟ್ಟನನ್ನು ಮಾದರಿಯಾಗಿ ಆರಿಸಿಕೊಂಡದ್ದು ನಿಜ. ಯಾವುದಕ್ಕೆ ಮಾದರಿ ಎಂಬುದನ್ನು ಮಾತ್ರ ಅವನು ಮನೆಯಲ್ಲಿ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಅವನಿಗೇ ಸರಿಯಾಗಿ ತಿಳಿದಿರಲಿಲ್ಲ.

ಕಟಪಾಡಿಯಲ್ಲಿ ಹೆದ್ದಾರಿಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ಅವನ ಮನೆ. ಕೆಲಸ ಕಾಪುವಿನ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ. ಮೀಸೆ ಮೂಡಿದ ಕಾಲದಿಂದ ಮೀಸೆ ನರೆಯುವ ತನಕ ಮಂಜುಗಡ್ಡೆಯನ್ನು ಎತ್ತುವುದು, ಲಾರಿಗೆ ಹಾಕುವುದು, ಮತ್ತೊಂದಕ್ಕೆ ಬಗ್ಗುವುದು, ಇಷ್ಟೇ ಅವನ ಜೀವನ. ಎತ್ತಿದ್ದು ಇಟ್ಟಿಗೆಯೋ ಮರವೋ ಆಗಿದ್ದರೆ ಎಲ್ಲಿಯಾದರೂ ಒಂದು ಕಟ್ಟಡ ನಿಂತಿರುತ್ತಿತ್ತು, ಅದನ್ನು ತೋರಿಸಿ ಇದರಲ್ಲಿ ನನ್ನ ಬೆವರೂ ಉಂಟು ಎಂದು ಹೇಳಿಕೊಳ್ಳಬಹುದಿತ್ತು. ಕಿಟ್ಟ ಎತ್ತಿದ್ದೆಲ್ಲ ಮೀನಿನ ಮೇಲೆ ಬಿದ್ದು ಕರಗಿ ಹೋಗಿತ್ತು. ಉಳಿದದ್ದು ಸೊಂಟನೋವು ಮಾತ್ರ. ಅದಕ್ಕೆ ಕರಗುವ ಗುಣವಿರಲಿಲ್ಲ.

ಎರಡು ಸಾವಿರದ ಮೂರನೆಯ ಇಸವಿಯ ಮಳೆಗಾಲ. ಬೋಟುಗಳೆಲ್ಲ ದಡದಲ್ಲಿದ್ದವು, ಪ್ಲಾಂಟಿನಲ್ಲಿ ಕೆಲಸ ಕಡಿಮೆ. ಮಣಿಪಾಲದಿಂದ ಫಿಸಿಯೋಥೆರಪಿ ಕಲಿಯುವ ಮಕ್ಕಳು ಬಂದು ಭಾರ ಎತ್ತುವ ಕ್ರಮವನ್ನು ಹೇಳಿಕೊಡುತ್ತೇವೆ ಎಂದಾಗ ಧಣಿ ಲೂಯಿಸರು ಒಪ್ಪಿದರು. ಖರ್ಚಿಲ್ಲದ ಯಾವ ಒಳ್ಳೆಯ ಕೆಲಸಕ್ಕೂ ಲೂಯಿಸರು ಬೇಡ ಎಂದವರಲ್ಲ. ಮಕ್ಕಳ ತಂಡಕ್ಕೆ ಧೃತಿ ಎಂಬ ಹುಡುಗಿ ಮುಂದಾಳು. ಅವಳು ಆಳುಗಳನ್ನು ಸಾಲಾಗಿ ನಿಲ್ಲಿಸಿ, ಹಿಂದಿನಿಂದ ಮುಂದಿನಿಂದ ನೋಡಿ, ಕಿಟ್ಟನನ್ನು ಕರೆದು ನಡುವೆ ನಿಲ್ಲಿಸಿದಳು. ನೀವು ದಿನಾ ಎತ್ತುವ ಹಾಗೆಯೇ ಒಂದು ಗಡ್ಡೆ ಎತ್ತಿ ಎಂದಳು. ಕಿಟ್ಟ ಎತ್ತಿದ. ಕ್ಯಾಮರಾದಿಂದ ಬೆಳಕು ಹೊಡೆಯಿತು. ಜೀವಮಾನದಲ್ಲಿ ಅವನ ಫೋಟೋ ತೆಗೆದದ್ದು ಮದುವೆಯಲ್ಲಿ ಒಮ್ಮೆ, ರೇಷನ್ ಕಾರ್ಡಿಗೆ ಒಮ್ಮೆ. ಆ ಬೆಳಕಿನಲ್ಲಿ ಅವನ ಮನಸ್ಸು ಎಷ್ಟು ಅರಳಿತೆಂದರೆ, ಯಾರೂ ಹೀಗೆ ಎತ್ತಬಾರದು, ಇವರ ಬೆನ್ನು ನೋಡಿ ಕಲಿಯಿರಿ ಎಂದು ಧೃತಿ ಹೇಳಿದ್ದರಲ್ಲಿ ಕೊನೆಯ ಭಾಗ ಮಾತ್ರ ಒಳಗೆ ಇಳಿಯಿತು.

ಆಮೇಲೆ ಅವಳು ಸರಿಯಾದ ಕ್ರಮವನ್ನು ಅವನ ಕೈಯಿಂದಲೇ ಮಾಡಿಸಿದಳು. ಕಾಲು ಅಗಲಿಸಿ ಭಾರದ ಹತ್ತಿರ ನಿಲ್ಲಬೇಕು. ಸೊಂಟ ಬಗ್ಗಿಸದೆ ಮೊಣಕಾಲು ಮಡಚಬೇಕು. ಬೆನ್ನು ನೆಟ್ಟಗಿರಬೇಕು. ಭಾರವನ್ನು ಎದೆಗೆ ಹತ್ತಿರ ತಂದು, ಉಸಿರು ಬಿಡುತ್ತಾ ಕಾಲಿನ ಬಲದಿಂದ ಏಳಬೇಕು. ಎತ್ತಿದ ಮೇಲೆ ಸೊಂಟ ತಿರುಗಿಸಬಾರದು, ತಿರುಗಬೇಕಾದರೆ ಪಾದ ಎತ್ತಿಟ್ಟು ಇಡೀ ಮೈ ತಿರುಗಬೇಕು. ಕಿಟ್ಟ ಎಲ್ಲವನ್ನೂ ಭಕ್ತಿಯಿಂದ ಕಲಿತ. ಕೊನೆಯ ಮಾತು ಹೇಳುವಾಗ ಎರಡನೆಯ ಫೋಟೋ ತೆಗೆಯುತ್ತಿದ್ದರು, ಹಾಗಾಗಿ ಅದೊಂದು ಬಿಟ್ಟುಹೋಯಿತು.

ಅಂದಿನಿಂದ ಓಣಿಯಲ್ಲಿ ಯಾರಿಗೂ ಒಂದು ಕೊಡಪಾನ ನೀರು ಎತ್ತುವ ಸ್ವಾತಂತ್ರ್ಯ ಉಳಿಯಲಿಲ್ಲ. ಕಿಟ್ಟನ ಹೆಂಡತಿ ಸುಂದರಿ ಮೀನು ಮಾರುವವಳು. ಬೆಳಿಗ್ಗೆ ಬುಟ್ಟಿಯನ್ನು ಅವಳ ತಲೆಗೇರಿಸಲು ಒಬ್ಬರು ಕೈ ಹಿಡಿಯಬೇಕು. ಕಿಟ್ಟ ಕೈ ಹಿಡಿಯುವ ಮೊದಲು ಅವಳ ಕಾಲು ನೋಡುವ, ಬೆನ್ನು ನೋಡುವ, ಉಸಿರು ಎಲ್ಲಿ ಬಿಡಬೇಕೆಂದು ಹೇಳುವ. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು, ಮೀನಿನ ಕಣ್ಣು ಮಂಕಾಗಿರುತ್ತಿತ್ತು. ಪಕ್ಕದ ಮನೆಯ ಡೊಮಿನಿಕ್ ಬೊಂಬಾಯಿಯಿಂದ ನಿವೃತ್ತರಾಗಿ ಬಂದವರು. ಗ್ಯಾಸಿನ ಸಿಲಿಂಡರ್ ಒಳಗಿಡಲು ಅವರು ಒಮ್ಮೆ ಕಿಟ್ಟನನ್ನು ಕರೆದು ಕೆಟ್ಟರು. ಗೇಟಿನ ಹತ್ತಿರ ಪಾಠ ಮುಗಿಯುವ ಲಕ್ಷಣ ಕಾಣದೆ ಅವರ ಹೆಂಡತಿ ಜೆರ್ಟ್ರೂಡ್ ಬಾಯಿ ಸಿಲಿಂಡರನ್ನು ಅಡ್ಡ ಹಾಕಿ ಕಾಲಿನಿಂದಲೇ ಅಡುಗೆಮನೆಗೆ ಉರುಳಿಸಿಕೊಂಡು ಹೋದರು.

ಓಣಿಯ ಕೊನೆಯ ಬಾಡಿಗೆ ಕೋಣೆಯಲ್ಲಿ ಬಾಗಲಕೋಟೆ ಕಡೆಯ ಬಾಲಪ್ಪನೂ ಅವನ ಕಾಂಕ್ರೀಟು ಕೆಲಸದ ಜೊತೆಗಾರರೂ ಇದ್ದರು. ಸಿಮೆಂಟಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೋಗುವ ಬಾಲಪ್ಪನನ್ನು ಕಿಟ್ಟ ದಾರಿಯಲ್ಲಿ ತಡೆದು, ಚೀಲ ಹೊತ್ತವನಿಗೆ ಚೀಲ ಹೊರುವ ಕ್ರಮ ಹೇಳುತ್ತಿದ್ದ. ಬಾಲಪ್ಪ ಬಹಳ ಮರ್ಯಾದೆಯವನು. ಭಾರ ಇಳಿಸದೆ ಪೂರ್ತಿ ಕೇಳಿ, "ಆತು ಬಿಡ್ರಿ ಅಣ್ಣಾರ, ನಾಳಿಂದ ಹಂಗ ಎತ್ತತೀವ್ರಿ" ಎಂದು ಹೇಳಿ, ಮರುದಿನ ಹಿಂದಿನ ಹಾಗೆಯೇ ಎತ್ತುತ್ತಿದ್ದ.

ಕಿಟ್ಟನದು ಬರೀ ಒಣ ಜಂಬ ಎಂದು ಓಣಿ ತೀರ್ಮಾನಿಸಿತ್ತು. ಜಂಬ ಇತ್ತು, ಸುಳ್ಳಲ್ಲ. ಆದರೆ ಅದರ ಕೆಳಗೆ ದೊಡ್ಡದೊಂದು ಸಂಕಟವೂ ಇತ್ತು. ಇಷ್ಟು ಸಣ್ಣ ವಿಷಯವನ್ನು ಮೀಸೆ ಮೂಡಿದಾಗಲೇ ಯಾರಾದರೂ ಹೇಳಿದ್ದರೆ ತನ್ನ ಬೆನ್ನು ಈ ಗತಿಗೆ ಬರುತ್ತಿರಲಿಲ್ಲ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಹಾಗೆ ಅನ್ನಿಸಿದವನಿಗೆ ಸುಮ್ಮನಿರಲು ಆಗುವುದಿಲ್ಲ.

ಒಂದು ದಿನ ಸಂಜೆ ಸುಂದರಿ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಅಲ್ಲಿನ ಒಗೆಯುವ ಕಲ್ಲು ಮೊಣಕಾಲಿಗಿಂತ ತಗ್ಗು, ಅದೂ ಒಡೆದದ್ದು. ಬೆಳಿಗ್ಗೆಯಿಂದ ಬುಟ್ಟಿ ಹೊತ್ತು ತಿರುಗಿ ಬಂದವಳು ಅದರ ಮುಂದೆ ಎರಡಾಗಿ ಮಡಚಿಕೊಂಡು ಬಟ್ಟೆ ಬಡಿಯಬೇಕು. ನಿಂತು ಒಗೆಯುವಂಥ ಎತ್ತರದ ಕಲ್ಲೊಂದು ಬೇಕು ಎಂದು ಅವಳು ಕೇಳುತ್ತಲೇ ಬಂದಿದ್ದಳು, ಬರುವ ವರ್ಷ ಎಂದು ಅವನು ಹೇಳುತ್ತಲೇ ಬಂದಿದ್ದ. ಆ ಸಂಜೆ ಕಿಟ್ಟ ಹಿತ್ತಿಲ ಜಗಲಿಯಲ್ಲಿ ಕುಳಿತು ಬಕೆಟ್ ಎತ್ತುವ ಬಗ್ಗೆ ಏನೋ ಹೇಳಲು ಬಾಯಿ ತೆರೆದಾಗ ಅವಳು ತಲೆ ಎತ್ತದೆ ಕೇಳಿದಳು:

"ಬಟ್ಟೆ ಒಗೆಯುವ ಬೆನ್ನಿಗೆ ನಿಮ್ಮ ಮಣಿಪಾಲದವರು ಎಂತ ಹೇಳಿದ್ದಾರೆ?"

ಮರುದಿನವೇ ಕಿಟ್ಟ ಎಸ್‌ಟಿಡಿ ಬೂತಿಗೆ ಹೋಗಿ ಕಾರ್ಕಳದಲ್ಲಿ ಟೆಂಪೋ ಓಡಿಸುವ ಭಾವಮೈದ ರೂಪೇಶನಿಗೆ ಫೋನು ಮಾಡಿದ.

ದೀಪಾವಳಿ ಕಳೆದು ಆಕಾಶ ಬಿಳುಪಾದ ಒಂದು ಭಾನುವಾರ ಕಲ್ಲು ಬಂತು. ಕಾರ್ಕಳದ ಕೋರೆಯಲ್ಲಿ ಒಂದು ಮೂಲೆ ಮುರಿದದ್ದಕ್ಕೆ ಯಾರಿಗೂ ಬೇಡವಾಗಿದ್ದ ಕರಿಕಲ್ಲು, ಸೊಂಟದೆತ್ತರ ನಿಲ್ಲುವಂಥದ್ದು, ಮೇಲ್ಭಾಗ ನುಣುಪು. ಡೊಮಿನಿಕರ ಕಂಪೌಂಡ್ ಗೋಡೆಯಿಂದಾಗಿ ಟೆಂಪೋ ಓಣಿಯ ಒಳಗೆ ಬರಲಿಲ್ಲ. ರೂಪೇಶ ಅದನ್ನು ಓಣಿಯ ಬಾಯಿಯಲ್ಲಿದ್ದ ಹಾಲೆಮರದ ಬುಡಕ್ಕೆ ಜಾರಿಸಿ ಇಳಿಸಿದ. ಬಾಲಪ್ಪ ಹೇಳದೆಯೇ ಹಗ್ಗ, ಬಿದಿರ ಬೊಂಬು, ಜೊತೆಗೆ ತನ್ನವರನ್ನೂ ಕರೆದುಕೊಂಡು ಬಂದ. ಇಗರ್ಜಿಯ ಪ್ರಾರ್ಥನೆಯಿಂದ ಮರಳುತ್ತಿದ್ದ ಡೊಮಿನಿಕರೂ ಜೆರ್ಟ್ರೂಡ್ ಬಾಯಿಯೂ ಒಳ್ಳೆಯ ಬಟ್ಟೆಯಲ್ಲಿ ನಿಂತರು. ಸುಂದರಿ ಮನೆಯ ಅಂಗಳದಲ್ಲಿ ಕಲ್ಲು ನೆಡುವ ಗುಂಡಿಯನ್ನು ತಾನೇ ತೋಡಿ, ಕೈಯ ಮಣ್ಣು ಒರೆಸಿಕೊಳ್ಳುತ್ತಾ ಗೇಟಿನಲ್ಲಿ ಕಾಯುತ್ತಿದ್ದಳು. ಅವಳ ಮುಖ ಅಷ್ಟು ಹಗುರಾಗಿ ಕಂಡು ಬಹಳ ಕಾಲವಾಗಿತ್ತು.

ಬಾಲಪ್ಪ ಹಗ್ಗ ತೂರಿಸಲು ಕಲ್ಲಿನ ಒಂದು ತುದಿಯನ್ನು ಎತ್ತಬೇಕೆಂದು ಬಗ್ಗಿದ. ಕಿಟ್ಟ ಅವನ ಭುಜ ಹಿಡಿದು ಎಬ್ಬಿಸಿದ. ಇಂಥ ಭಾರವನ್ನು ಹಾಗೆ ಎತ್ತಿದರೆ ನಾಳೆ ಏಳಲಿಕ್ಕಿಲ್ಲ, ಕ್ರಮ ಉಂಟು, ಎಲ್ಲರೂ ನೋಡಿ ಎಂದ. ಎಲ್ಲರೂ ನೋಡಿದರು. ಇಡೀ ಓಣಿ ಒಂದೇ ಸಲಕ್ಕೆ ಅವನ ಮಾತು ಕೇಳಿದ್ದು ಅದೇ ಮೊದಲು.

ಮುಂದೆ ನಡೆದದ್ದನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ಆಮೇಲೆ ಜನ ಅದನ್ನು ಹಾಗೆಯೇ ಹೇಳಿದರು. ಕಿಟ್ಟ ಚಪ್ಪಲಿ ಕಳಚಿ ದೂರ ಇಟ್ಟ, ಜಾರಬಾರದೆಂದು. ಅಂಗಿ ತೆಗೆದು ರೂಪೇಶನ ಕೈಗೆ ಕೊಟ್ಟ, ಹರಿಯಬಾರದೆಂದು. ಮೂಡು ದಿಕ್ಕಿಗೆ ಮುಖ ಮಾಡಿ ನಿಂತ, ಕಲ್ಲಿನ ತುದಿ ಆ ಕಡೆ ಇದ್ದುದರಿಂದ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ, ಕಾಲು, ಮೊಣಕಾಲು, ಬೆನ್ನು, ಉಸಿರು ಎಂದು ಪಾಠ ನೆನಪಿಸಿಕೊಳ್ಳುತ್ತಾ. ಕಾಲು ಅಗಲಿಸಿ, ಮೊಣಕಾಲು ಮಡಚಿ, ಎದೆ ಮುಂದೆ ಮಾಡಿ, ಕಲ್ಲಿಗೆ ಕೈ ಹಾಕಿ, ಹ್ಞೂಂ ಎಂದು ದೀರ್ಘವಾಗಿ ಉಸಿರು ಬಿಡುತ್ತಾ ಎದ್ದ. ಕಲ್ಲಿನ ತುದಿ ನಿಜವಾಗಿಯೂ ಎದ್ದಿತು. ನೋವೇ ಇರಲಿಲ್ಲ. ಆ ಸಂತೋಷದಲ್ಲಿ, ಬಾಲಪ್ಪ ನೋಡುತ್ತಿದ್ದಾನೋ ಇಲ್ಲವೋ ಎಂದು ತಿಳಿಯಲು ಕಿಟ್ಟ ಸೊಂಟದಿಂದ ಮೇಲೆ ಹಿಂದಕ್ಕೆ ತಿರುಗಿದ.

ಬೆನ್ನು ಹಿಡಿಯಿತು. ಕೈಯಿಂದ ಕಲ್ಲು ಜಾರಿತು. ಕಿಟ್ಟ ಮಾತ್ರ ಹಾಗೆಯೇ ಉಳಿದ: ಕಾಲು ಅಗಲ, ಮೊಣಕಾಲು ಅರ್ಧ ಮಡಚಿದ್ದು, ಎದೆ ಮುಂದೆ, ಕತ್ತು ಹಿಂದೆ, ಕಣ್ಣು ಬಾಲಪ್ಪನ ಮೇಲೆ ನೆಟ್ಟದ್ದು. ಬೆವರು ಇಳಿಯಿತು. ತೊಡೆ ನಡುಗತೊಡಗಿತು, ನಡುಕ ಮೇಲಕ್ಕೆ ಹತ್ತಿ ಭುಜಕ್ಕೆ ಬಂತು. ಕಚ್ಚಿದ ಹಲ್ಲಿನ ನಡುವಿನಿಂದ ಹ್ಞೂಂ, ಹ್ಞೂಂ ಎಂದು ಉಸಿರು ಹೊರಟಿತು.

ಆ ಕಣ್ಣನ್ನು ಎದುರಿಸಬೇಕಾದವನು ಬಾಲಪ್ಪ. ಅವನ ಕೈಯ ಬೊಂಬು ನೆಲಕ್ಕೆ ಬಿತ್ತು. ಹೆಗಲ ಟವೆಲು ಸೊಂಟಕ್ಕೆ ಬಂತು.

"ಯಾರೂ ಮುಟ್ಟಬ್ಯಾಡ್ರೋ. ಅಣ್ಣಾರ ಮೈಮ್ಯಾಲೆ ದೇವರು ಬಂದೈತಿ" ಎಂದು ಅವನು ಉದ್ದಕ್ಕೆ ಅಡ್ಡಬಿದ್ದ. ಅವನ ಹಿಂದೆ ಅವನವರೂ ಬಿದ್ದರು.

ಓಣಿಯವರಿಗೆ ಇದು ಸ್ವಲ್ಪ ಅವಮಾನವೇ ಆಯಿತು. ದೈವಗಳ ನಾಡಿನಲ್ಲಿ ಹುಟ್ಟಿ ಬೆಳೆದವರು ತಾವು. ದೈವಗಳಿಗೆ ಪ್ರಿಯವಾದ ಹಾಲೆಮರದ ಬುಡದಲ್ಲಿ, ಬರಿಮೈಯಲ್ಲಿ, ಮೂಡು ಮುಖವಾಗಿ ನಿಂತು ನಡುಗುವವನನ್ನು ಗುರುತಿಸಲು ಬಾಗಲಕೋಟೆಯವನು ಬೇಕಾಯಿತೇ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೂಡಲೇ ಎಲ್ಲರಿಗೂ ತಾವು ಅದನ್ನು ಮೊದಲೇ ಕಂಡಿದ್ದೆವೆಂದು ನೆನಪಾಯಿತು. ಡೊಮಿನಿಕರು ಒಮ್ಮೆ ಶಿಲುಬೆಯ ಗುರುತು ಮಾಡಿಕೊಂಡರು, ಆದರೆ ಊರಿನ ದೈವದ ಕೋಲಕ್ಕೆ ವರ್ಷವೂ ಎಣ್ಣೆ ಕೊಡುವ ಮನೆತನದವರಾದ್ದರಿಂದ ಓಡಿಹೋಗಿ ಎಳನೀರನ್ನೂ ತಂದರು. ಬಾಲಪ್ಪ ಇದು ತನ್ನ ಊರಿನ ಹನುಮಪ್ಪನೇ ಸೈ ಎಂದ. ಹನುಮಪ್ಪನಿಗೆ ಕಟಪಾಡಿಯಲ್ಲಿ ಎಂತ ಕೆಲಸ, ಇದು ಈ ಮಣ್ಣಿನದ್ದೇ ಎಂದು ಓಣಿ ಹೇಳಿತು. ಈ ಚರ್ಚೆಯಷ್ಟು ಹೊತ್ತೂ ಕಿಟ್ಟ ಮಡಚಿದ ಮೊಣಕಾಲಿನಲ್ಲೇ ನಿಂತಿದ್ದ. ಯಾರಾದರೂ ತನ್ನನ್ನು ಹಿಡಿದು ಮಲಗಿಸಲಿ ಎಂಬುದನ್ನು ಬಿಟ್ಟು ಅವನಿಗೆ ಈ ಲೋಕದಲ್ಲಿ ಬೇರೆ ಯಾವ ಆಸೆಯೂ ಇರಲಿಲ್ಲ.

ಕೊನೆಗೆ ಜೆರ್ಟ್ರೂಡ್ ಬಾಯಿ ಒಂದು ಕೊಡ ತಣ್ಣೀರಿಗೆ ಅರಸಿನ ಕಲಸಿ ತಂದರು. ಅದನ್ನು ತಲೆಗೆ ಸುರಿದಾಗ ಕಿಟ್ಟ ಒಂದು ಕೂಗು ಹಾಕಿ ಕಲ್ಲಿನ ಮೇಲೆಯೇ ಒರಗಿದ. ಅಲ್ಲಿಗೆ ಎಲ್ಲ ಸ್ಪಷ್ಟವಾಯಿತು. ಕಲ್ಲು ಓಣಿಯ ಒಳಗೆ ಹೋಗಲು ಒಪ್ಪುವುದಿಲ್ಲ. ಹಾಲೆಮರದ ಬುಡವೇ ಅದರ ಸ್ಥಾನ. ಯಾರೋ ದಾಸವಾಳ ಕಿತ್ತು ತಂದು ಮುರಿದ ಮೂಲೆಗೆ ಇಟ್ಟರು.

ಕಿಟ್ಟನನ್ನು ಒಂದು ಹಲಗೆಯ ಮೇಲೆ ಹಾಕಿ ಮನೆಗೆ ಹೊತ್ತರು. ಹೊರುವ ಬಾಲಪ್ಪನ ಬೆನ್ನು ಪೂರ್ತಿ ಬಗ್ಗಿತ್ತು. ಕಿಟ್ಟ ಅದನ್ನು ಕಂಡ, ಆದರೆ ತಿದ್ದುವ ತ್ರಾಣ ಇರಲಿಲ್ಲ. ಅಂಗಳದಲ್ಲಿ ತೋಡಿದ ಗುಂಡಿಯನ್ನು ಸುತ್ತುಹಾಕಿ ಅವನನ್ನು ಒಳಗೆ ತಂದು ಮಲಗಿಸಿದರು.

ಜನ ಹೋದ ಮೇಲೆ ಸುಂದರಿ ಬಿಸಿನೀರಿನ ಬಟ್ಟೆಯನ್ನು ಹಿಂಡಿ ಅವನ ಸೊಂಟಕ್ಕೆ ಇಟ್ಟಳು.

"ಈ ದೈವದ ಪರಿಚಯ ನನಗೆ ಉಂಟು," ಎಂದಳು. "ವರ್ಷವೂ ಮಳೆಗಾಲಕ್ಕೆ ಇದೇ ಜಾಗಕ್ಕೆ ಬರುತ್ತದೆ, ಎಡಸೊಂಟಕ್ಕೆ. ನೀವು ಜನರಿಗೆ ಹೇಳುತ್ತೀರಾ, ನಾನು ಹೇಳಬೇಕಾ?"

ಹೇಳುತ್ತೇನೆ, ಸ್ವಲ್ಪ ಏಳುವ ಹಾಗೆ ಆಗಲಿ ಎಂದ ಕಿಟ್ಟ. ಹೇಳುವ ಮನಸ್ಸು ಆ ಕ್ಷಣಕ್ಕೆ ನಿಜವಾಗಿಯೂ ಇತ್ತು. ಆದರೆ ಇಡೀ ಓಣಿಯ ಎದುರು ಕ್ರಮ ತೋರಿಸಲು ಹೋಗಿ ಸೊಂಟ ಹಿಡಿಸಿಕೊಂಡೆ ಎಂದು ಯಾವ ಮುಖದಿಂದ ಹೇಳುವುದು? ಒಂದು ದಿನ ತಡೆಯೋಣ ಎಂದುಕೊಂಡ. ಆ ಒಂದು ದಿನದಲ್ಲಿ ಲೂಯಿಸರು ಸೇಬುಹಣ್ಣು ಹಿಡಿದುಕೊಂಡು ಬಂದರು. ಬಾಗಿಲ ಹೊರಗೇ ಶೂ ಕಳಚಿ, ಕುಳಿತುಕೊಳ್ಳದೆ ಮಾತಾಡಿಸಿ, ಕೆಲಸಕ್ಕೆ ಅವಸರವಿಲ್ಲ, ಬರಬೇಕೆಂದು ಅನ್ನಿಸಿದಾಗ ಬಂದರೆ ಸಾಕು ಎಂದು ಹೇಳಿ, ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಹೋದರು. ಮೈಮೇಲೆ ದೈವ ಬರುವವನಿಗೆ ಐಸ್ ಎತ್ತು ಎಂದು ಹೇಳಲು ಎಂಥ ಧಣಿಗಾದರೂ ಧೈರ್ಯ ಬೇಕು.

ಹೀಗೆ ಕಿಟ್ಟ ಮಲಗಿದ. ಹಗಲು ಹೊತ್ತಿನಲ್ಲಿ ನಿದ್ದೆ ಎಂಬುದು ಇಷ್ಟು ಸಿಹಿ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಯಾರೂ ಕರೆಯುವುದಿಲ್ಲ, ಯಾರೂ ಒಂದು ಕೈ ಹಿಡಿ ಮಾರಾಯ ಎನ್ನುವುದಿಲ್ಲ. ಬಂದವರು ಕಾಲ ಬುಡದಲ್ಲಿ ಬಾಳೆಹಣ್ಣು ಇಟ್ಟು ಪಿಸುಮಾತಿನಲ್ಲಿ ಮಾತಾಡುತ್ತಾರೆ. ಮೀಸೆ ಮೂಡಿದಂದಿನಿಂದ ಮೈಯಲ್ಲಿ ಕೂಡಿಬಿದ್ದಿದ್ದ ದಣಿವೆಲ್ಲ ಒಂದೊಂದಾಗಿ ಹೊರಬಂದು ಹಲಗೆಯ ಮೇಲೆ ಅವನ ಜೊತೆ ಮಲಗಿತು. ಸತ್ಯ ಹೇಳಿದರೆ ನಾಳೆಯೇ ಏಳಬೇಕು. ಅವನಿಗೆ ಏಳುವುದು ಬೇಡವಾಗಿತ್ತು. ಸಂಜೆಯಾದರೆ ಮಾತ್ರ ಬಾವಿಕಟ್ಟೆಯಿಂದ ತಗ್ಗಿನ ಕಲ್ಲಿಗೆ ಬಟ್ಟೆ ಬಡಿಯುವ ಸದ್ದು ಬರುತ್ತಿತ್ತು, ಬಡಿತ ನಿಂತಾಗ ಸುಂದರಿ ಸೊಂಟಕ್ಕೆ ಕೈ ಕೊಟ್ಟು ನಿಟ್ಟುಸಿರು ಬಿಡುವುದು ಕೇಳುತ್ತಿತ್ತು. ಆಗ ಕಿಟ್ಟ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಅವನಿಗೆ ನಾಚಿಕೆಯಾಗುತ್ತಿತ್ತು.

ಹೊರಗೆ ಕಲ್ಲಿನ ಏಳಿಗೆ ದಿನದಿಂದ ದಿನಕ್ಕೆ ಹೆಚ್ಚಿತು. ದಾಸವಾಳದ ಪಕ್ಕ ದೀಪ ಬಂತು, ದೀಪಕ್ಕೆ ಗಾಳಿ ತಾಗಬಾರದೆಂದು ತಗಡು ಬಂತು. ಪಡುಬಿದ್ರಿಯಿಂದ ಮಾತು ಬಿಟ್ಟಿದ್ದ ನೆಂಟರು ಬಂದು, ಮಗನ ಗಲ್ಫ್ ವೀಸಾ ಯಾವಾಗ ಆಗುತ್ತದೆಂದು ಕಿಟ್ಟನ ಕಾಲ ಹತ್ತಿರ ಕೇಳಿ ಹೋದರು. ಪಂಚಾಯತ್ ಸದಸ್ಯರು ಬಂದು ಕಲ್ಲನ್ನು ಎಲ್ಲ ಕಡೆಯಿಂದ ನೋಡಿ, ಇದು ರಸ್ತೆಯ ಜಾಗವಾದ್ದರಿಂದ ನಿಯಮದ ಪ್ರಕಾರ ತೆಗೆಸಬೇಕು, ಆದರೆ ತೆಗೆಸುವವರು ಯಾರು ಎಂದು ತಮ್ಮನ್ನೇ ಕೇಳಿಕೊಂಡು, ಚಪ್ಪಲಿ ಕಳಚಿ ಕೈಮುಗಿದು, ಒಂದು ಟ್ಯೂಬ್‌ಲೈಟ್ ಮಂಜೂರು ಮಾಡಿಸುತ್ತೇನೆಂದು ಹೇಳಿ ಹೋದರು. ಸುಂದರಿ ಅವರಿಗೆ ಇದು ನನ್ನ ಬಟ್ಟೆ ಒಗೆಯುವ ಕಲ್ಲು ಎಂದು ಹೇಳಿದಳು. ಅವರು ಅವಳನ್ನು ಬಹಳ ಕರುಣೆಯಿಂದ ನೋಡಿದರು.

ಒಂದು ದಿನ ಧೃತಿಯೇ ಬಂದಳು. ಪ್ಲಾಂಟಿನಲ್ಲಿ ತಮ್ಮ ಮಾದರಿಗೆ ಸೌಖ್ಯವಿಲ್ಲವೆಂದು ಕೇಳಿ, ಮಣಿಪಾಲದಿಂದ ಬಸ್ಸಿನಲ್ಲಿ ಬಂದಿದ್ದಳು. ಕಿಟ್ಟನನ್ನು ಮಗ್ಗುಲಾಗಿಸಿ ಬೆನ್ನಿಗೆ ಬೆರಳು ಒತ್ತಿ ನೋಡಿ, ಎತ್ತುವಾಗ ಸೊಂಟ ತಿರುಗಿಸಿದಿರಾ ಎಂದು ಒಂದೇ ಪ್ರಶ್ನೆ ಕೇಳಿದಳು. ಕಿಟ್ಟ ಮೇಲೆ ಹಂಚಿನ ಮಾಡನ್ನು ನೋಡಿದ. ಇದು ಸ್ನಾಯು ಹಿಡಿದುಕೊಂಡದ್ದು, ಹೀಗೆ ಮಲಗಿಯೇ ಇರಬಾರದು, ಮೆಲ್ಲಗೆ ಎದ್ದು ನಡೆಯಬೇಕು ಎಂದು ಅವಳು ಬಾಗಿಲಲ್ಲಿ ತುಂಬಿದ್ದ ಜನರಿಗೆ ಕೇಳುವ ಹಾಗೆಯೇ ಹೇಳಿದಳು. ಜೆರ್ಟ್ರೂಡ್ ಬಾಯಿ ಅವಳ ಕೈ ಹಿಡಿದು ಹೊರಗೆ ಕರೆತಂದು, ನೀನು ಚಿಕ್ಕವಳು ಮಗಾ, ಇದು ನಿಮ್ಮ ಪುಸ್ತಕದಲ್ಲಿ ಇರುವುದಿಲ್ಲ ಎಂದು ಒಂದು ಲೋಟ ಕಾಫಿ ಕೊಟ್ಟರು. ಸುಂದರಿಯನ್ನು ಬಿಟ್ಟರೆ ಸತ್ಯ ಹೇಳಿದ ಒಬ್ಬಳೇ ಒಬ್ಬಳು ಹೀಗೆ ಕಾಫಿ ಕುಡಿದು ಬಸ್ಸು ಹತ್ತಿದಳು.

ಅವಳು ಹೋದ ಸಂಜೆ ಬಾವಿಕಟ್ಟೆಯಿಂದ ಸದ್ದು ಬರಲಿಲ್ಲ. ಕಿಟ್ಟ ಕಾದ. ಕೊನೆಗೆ ಹಲಗೆಯಿಂದ ಮೆಲ್ಲಗೆ ಎದ್ದು, ಗೋಡೆ ಹಿಡಿದು ಹಿತ್ತಿಲಿಗೆ ಹೋದ. ಸುಂದರಿ ತಗ್ಗಿನ ಕಲ್ಲಿನ ಮುಂದೆ ಬಗ್ಗಿದವಳು ಹಾಗೆಯೇ ಇದ್ದಳು. ಅವಳ ಸೊಂಟವೂ ಹಿಡಿದಿತ್ತು. ಅವಳು ನಡುಗಲಿಲ್ಲ, ಕೂಗಲಿಲ್ಲ. ನೋವು ಬಿಡುವ ತನಕ ಕಾಯುತ್ತಿದ್ದಳು, ಅಷ್ಟೇ. ಹಿತ್ತಿಲಿಗೆ ಯಾರೂ ಎಳನೀರು ತರಲಿಲ್ಲ. ಕಿಟ್ಟ ಅವಳನ್ನು ಹಿಡಿದು ನಿಲ್ಲಿಸಲು ಹೋದ, ಅವನಿಂದ ಆಗಲಿಲ್ಲ. ಇಬ್ಬರೂ ಬಾವಿಕಟ್ಟೆಗೆ ಒರಗಿ ಸ್ವಲ್ಪ ಹೊತ್ತು ಕುಳಿತರು.

ನಾಳೆ ಹೇಳಿಬಿಡುತ್ತೇನೆ ಎಂದ ಕಿಟ್ಟ. ಈ ಸಲ ಅವನು ಹೇಳುವವನೇ ಇದ್ದ.

ಆದರೆ ಓಣಿಯವರು ಅಷ್ಟರಲ್ಲಿ ಅಂಗಾರನನ್ನು ಕರೆಸುವುದೆಂದು ನಿಶ್ಚಯಿಸಿದ್ದರು. ಅಂಗಾರ ಈ ಸೀಮೆಯಲ್ಲಿ ದೈವದ ಕೋಲ ಕಟ್ಟುವವನು, ವಯಸ್ಸಾದವನು, ಎಲ್ಲರೂ ಅವನ ಮಾತಿಗೆ ತಲೆಬಾಗುವವರು. ಬಂದದ್ದು ಯಾರು ಎಂದು ಅವನು ಹೇಳಲಿ, ಅದರಂತೆ ಕಟ್ಟೆ ಕಟ್ಟಿಸುವ ಎಂದಿದ್ದರು. ಮರುದಿನ ಅವನು ಬಸ್ಸಿಳಿದು, ಎರಡು ಕೈಯಲ್ಲಿ ಸೊಂಟ ಹಿಡಿದುಕೊಂಡು ಓಣಿಗೆ ಬಂದ. ಕಲ್ಲನ್ನು ನೋಡಿದ, ಕೈ ಮುಗಿಯಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಕಿಟ್ಟನ ಹತ್ತಿರ ಒಬ್ಬನೇ ಮಾತಾಡಬೇಕು ಎಂದು ಒಳಗೆ ಬಂದು ಬಾಗಿಲು ಹಾಕಿಕೊಂಡ. ಜನ ಅಂಗಳದಲ್ಲಿ ಕಿವಿಗೊಟ್ಟು ನಿಂತರು.

ಕಿಟ್ಟ ಎಲ್ಲವನ್ನೂ ಹೇಳಿಬಿಟ್ಟ. ಮಾದರಿ, ಫೋಟೋ, ತಿರುಗಿ ನೋಡಿದ್ದು, ಸೇಬುಹಣ್ಣು, ನಿದ್ದೆ, ಸುಂದರಿಯ ಸೊಂಟ, ಏನನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ತಲೆ ತಗ್ಗಿಸಿದ. ಅಂಗಾರ ಬಯ್ಯಲಿಲ್ಲ. ಅವನು ಯೋಚಿಸುತ್ತಿದ್ದದ್ದು ಬೇರೆಯೇ.

"ಕೋಲದಲ್ಲಿ ಬೆನ್ನಿಗೆ ಕಟ್ಟುವ ದೊಡ್ಡ ಅಣಿಯ ಭಾರ ಎಷ್ಟೆಂದು ಯಾರಿಗೂ ಗೊತ್ತಿಲ್ಲ ಕಿಟ್ಟ," ಎಂದ. "ದೈವ ಇರುವಷ್ಟು ಹೊತ್ತು ಅದೇ ಹೊರುತ್ತದೆ. ಅದು ಹೋದ ಮೇಲೆ ಬಸ್ಸಿನಲ್ಲಿ ಮನೆಗೆ ಹೋಗುವುದು ನಾನೇ ಅಲ್ವಾ. ಆ ಹುಡುಗಿ ಹೇಳಿದ್ದನ್ನು ನನಗೂ ಒಮ್ಮೆ ತೋರಿಸು ಮಾರಾಯ."

ಕಿಟ್ಟನಿಗೆ ಜೀವಮಾನದಲ್ಲಿ ಸಿಕ್ಕ ಮೊದಲನೆಯ ಶಿಷ್ಯ ಅಂಗಾರ. ಇಬ್ಬರೂ ಎದುರು ಬದುರು ಕಾಲು ಅಗಲಿಸಿ ನಿಂತರು. ಮೂಲೆಯ ಅಕ್ಕಿಯ ಡಬ್ಬಿಯನ್ನು ಮೊದಲು ಒಬ್ಬ, ಆಮೇಲೆ ಇನ್ನೊಬ್ಬ ಎತ್ತಿದರು. ಸೊಂಟ ತಿರುಗಿಸಬಾರದೆಂಬುದನ್ನು ಕಿಟ್ಟ ಈ ಸಲ ಎಲ್ಲಕ್ಕಿಂತ ಮೊದಲು ಹೇಳಿದ. ಒಂದು ಗಂಟಲು ಹ್ಞೂಂ ಎಂದಿತು, ಇನ್ನೊಂದು ಗಂಟಲು ಹ್ಞೂಂ ಎಂದು ಉತ್ತರಿಸಿತು. ಅಂಗಳದಲ್ಲಿ ಜನ ಒಬ್ಬೊಬ್ಬರಾಗಿ ಕುಕ್ಕುರುಗಾಲಿನಲ್ಲಿ ಕುಳಿತರು. ಎರಡು ಶಕ್ತಿಗಳು ಮುಖಾಮುಖಿ ಮಾತಾಡುತ್ತಿವೆ ಎಂದು ಡೊಮಿನಿಕರು ಮೆಲ್ಲನೆ ವಿವರಿಸಿದರು. ಬಾಲಪ್ಪ ಮತ್ತೆ ಅಡ್ಡಬಿದ್ದ.

ಬಾಗಿಲು ತೆರೆದಾಗ ಅಂಗಾರನ ಮುಖ ಗೆಲುವಾಗಿತ್ತು. ಕೈಗಳು ಸೊಂಟದ ಮೇಲಿರಲಿಲ್ಲ. ಅವನು ಚೀಲದಿಂದ ಮಡಚಿಟ್ಟ ಒಂದು ಬಿಳಿ ಬಟ್ಟೆಯನ್ನು ತೆಗೆದ.

"ನಾನು ಹೇಳುವುದು ನನ್ನ ಮಾತು, ದೈವದ್ದಲ್ಲ," ಎಂದ. "ಕಿಟ್ಟನಿಗೆ ಬಂದದ್ದು ಸೊಂಟನೋವು. ಈ ಕಲ್ಲು ಸುಂದರಿಯದ್ದು. ಅವಳ ಅಂಗಳದಲ್ಲಿ ನೆಡಿ. ಅದರಲ್ಲಿ ಮೊದಲು ನನ್ನ ಈ ಬಟ್ಟೆ ಒಗೆಯಲಿ, ನಾನು ಬರುವ ಕೋಲಕ್ಕೆ ಅದನ್ನೇ ಉಡುತ್ತೇನೆ."

ಮಾತು ಇದಕ್ಕಿಂತ ಸ್ಪಷ್ಟವಾಗಿರಲು ಸಾಧ್ಯವಿಲ್ಲ. ಆದರೆ ಜನ ಕೇಳಿದ್ದು ಕೊನೆಯ ಭಾಗವನ್ನು ಮಾತ್ರ. ಕೋಲಕ್ಕೆ ಉಡುವ ಬಟ್ಟೆಯನ್ನೇ ಒಗೆಯುವ ಕಲ್ಲು ಎಂದರೆ ಸಾಮಾನ್ಯವೇ ಎಂದು ಅವರ ಮೈ ಜುಮ್ಮೆಂದಿತು. ದೊಡ್ಡವರು ದೈವದ ಮಾತಲ್ಲ ಎಂದು ಹೇಳುವುದು ವಿನಯಕ್ಕೆ ಎಂಬುದು ಎಲ್ಲರಿಗೂ ಗೊತ್ತು. ಬಾಲಪ್ಪನೂ ಅವನವರೂ ಹಗ್ಗ ಹಾಕಿ, ಬೊಂಬಿಗೆ ಹೆಗಲು ಕೊಟ್ಟು, ಬೆನ್ನನ್ನು ಹೇಗೆ ಬೇಕೋ ಹಾಗೆ ಬಗ್ಗಿಸಿ, ಹನುಮಪ್ಪನ ಹೆಸರು ಕೂಗುತ್ತಾ ಕಲ್ಲನ್ನು ಒಂದೇ ಉಸಿರಿಗೆ ತಂದು ಗುಂಡಿಯಲ್ಲಿ ನಿಲ್ಲಿಸಿದರು. ಪಂಚಾಯತ್ ಸದಸ್ಯರು ರಸ್ತೆ ತೆರವಾಯಿತೆಂದು ನೆಮ್ಮದಿಯಿಂದ ಹೋದರು.

ಅಂಗಾರನ ಬಟ್ಟೆಯ ಹಿಂದೆ ಓಣಿಯ ಬಟ್ಟೆ ಬಂತು. ಮದುವೆಗೆ ಮೊದಲು ಒಂದು ಸೀರೆ, ಪರೀಕ್ಷೆಗೆ ಮೊದಲು ಒಂದು ಅಂಗಿ, ವೀಸಾದ ಸಂದರ್ಶನಕ್ಕೆ ಒಂದು ಪ್ಯಾಂಟು. ಎಲ್ಲವೂ ಈ ಕಲ್ಲಿಗೆ ತಾಗಿ ಬರಬೇಕು. ಬಟ್ಟೆಯ ಗಂಟುಗಳನ್ನು ಕ್ರಮವಾಗಿ ಜಗಲಿಯಲ್ಲಿ ಇಟ್ಟು ಜನ ಸುಂದರಿಯ ಮುಖ ನೋಡಿದರು. ಸುಂದರಿ ಸೆರಗು ಸೊಂಟಕ್ಕೆ ಸಿಕ್ಕಿಸುವ ಬದಲು ಬಿಚ್ಚಿ ಹೊದ್ದುಕೊಂಡು ಮೆಟ್ಟಿಲ ಮೇಲೆ ಕುಳಿತಳು. ಮೈಮೇಲೆ ಬಂದದ್ದು ಇವರಿಗೆ, ಹಾಗಾದರೆ ಒಗೆಯುವ ಕೈಯೂ ಇವರದ್ದೇ ಆಗಬೇಕಲ್ಲ ಎಂದಳು. ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

ಪ್ಲಾಂಟಿನಿಂದ ಬಿಡುಗಡೆ ಪಡೆದಿದ್ದ ಕಿಟ್ಟ ಹೀಗೆ ಊರಿನ ಅಗಸನಾದ. ಕಾಲು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ, ನೆಂಟರ ಪ್ಯಾಂಟುಗಳನ್ನು ಬಡಿದ. ದಣಿವಾಗುತ್ತಿತ್ತು, ಆದರೆ ಹಲಗೆಯ ಮೇಲೆ ಮಲಗಿದ್ದಾಗ ಆಗುತ್ತಿದ್ದ ನಾಚಿಕೆ ಆಗುತ್ತಿರಲಿಲ್ಲ. ಒದ್ದೆ ಬಟ್ಟೆಯ ಬಕೆಟ್ ಒಯ್ಯಲು ಬಂದವರಿಗೆ ಅವನು ಬಕೆಟ್ ಎತ್ತುವ ಕ್ರಮವನ್ನು ಆರಂಭದಿಂದ ಹೇಳುತ್ತಿದ್ದ. ಪವಾಡಕ್ಕೆ ಜನ ಎಷ್ಟು ದೂರ ಬೇಕಾದರೂ ಬರುತ್ತಾರೆ, ಪಾಠಕ್ಕೆ ಬರುವುದಿಲ್ಲ. ವಾರ ಕಳೆಯುವುದರೊಳಗೆ ಗಂಟುಗಳು ಕಡಿಮೆಯಾದವು, ಆಮೇಲೆ ಜೆರ್ಟ್ರೂಡ್ ಬಾಯಿಯ ಒಂದು ಮೇಜುಬಟ್ಟೆ ಬಂದದ್ದೇ ಕೊನೆ. ಲೂಯಿಸರೂ ಸೇಬು ಇಲ್ಲದೆ ಒಮ್ಮೆ ಬಂದು, ಈ ಸಲ ಕುರ್ಚಿಯಲ್ಲಿ ಕುಳಿತು, ಬೋಟುಗಳಿಗೆ ಐಸ್ ಸಾಲುತ್ತಿಲ್ಲ ಎಂದು ಹೇಳಿ ಹೋದರು.

ಕೆಲಸಕ್ಕೆ ಮರಳುವ ಹಿಂದಿನ ಸಂಜೆ ಜಗಲಿ ಖಾಲಿಯಾಗಿತ್ತು. ಮನೆಯ ಬಟ್ಟೆಯ ಬಕೆಟ್ ಒಂದೇ ಉಳಿದಿತ್ತು. ಕಿಟ್ಟ ಏಳಲು ಹೋದಾಗ ಸುಂದರಿ ಬೇಡ ಎಂದಳು. ತಾನೇ ಎದ್ದು ಸೆರಗು ಸಿಕ್ಕಿಸಿ ಕಾರ್ಕಳದ ಕಲ್ಲಿನ ಮುಂದೆ ನಿಂತಳು, ನಿಂತೇ ಒಗೆದಳು. ಅವಳ ಕೈ ಹಗುರಾಗಿ ಏಳುತ್ತಿತ್ತು, ಬೆನ್ನು ನೆಟ್ಟಗಿತ್ತು. ಕಿಟ್ಟ ಮೆಟ್ಟಿಲ ಮೇಲೆ ಕುಳಿತು ನೋಡಿದ. ಅವನಿಗೆ ಹೇಳಿಕೊಡಲು ಏನೂ ತೋಚಲಿಲ್ಲ. ಕೊನೆಯ ಲುಂಗಿಯನ್ನು ಹಿಂಡಲು ಅವಳು ಅದರ ಒಂದು ತುದಿಯನ್ನು ಅವನಿಗೆ ಕೊಟ್ಟಳು. ಎದುರು ಬದುರು ನಿಂತಾಗ ಕಿಟ್ಟ ಅವಳ ಮುಖ ನೋಡಲು ತನ್ನ ತಲೆಯನ್ನು ಸ್ವಲ್ಪ ಮೇಲೆತ್ತಬೇಕಾಯಿತು.

"ನೀನು ನನಗಿಂತ ಎತ್ತರ ಇದ್ದೀಯಲ್ಲ," ಎಂದ ಅವನು, ನಂಬಲಾಗದೆ. "ನನಗೆ ಗೊತ್ತೇ ಇರಲಿಲ್ಲ."

"ಹುಡುಗನಿಗಿಂತ ಎತ್ತರ ಕಾಣಬಾರದು, ಮದುವೆ ಮುಗಿಯುವ ತನಕ ಸ್ವಲ್ಪ ಬಗ್ಗಿ ನಿಲ್ಲು ಎಂದು ಅಮ್ಮ ಹೇಳಿದ್ದರು," ಎಂದಳು ಸುಂದರಿ, ಲುಂಗಿಯನ್ನು ತಿರುಚುತ್ತಾ. "ನೆಟ್ಟಗಾಗಲಿಕ್ಕೆ ಆಮೇಲೆ ಪುರುಸೊತ್ತು ಆಗಲಿಲ್ಲ."